ಕುದುರೆಬೆನ್ನಿನ ಮೇಲೆ ನಲವತ್ತೊಂದು ಗಿಡ

ಈ ಬರಹದ ಕೆಲವು ವಿವರಗಳು ತಪ್ಪಿರಬಹುದು. ಆ ದಿನ ನನ್ನ ಜೊತೆ ಬೆಟ್ಟ ಹತ್ತಿದ ಹುಡುಗಿಯರು ಆರು ಮಂದಿ ಎಂದು ನನ್ನ ದಿನಚರಿ ಹೇಳುತ್ತದೆ. ಕಣ್ಣು ಮುಚ್ಚಿದರೆ ನನಗೆ ಕಾಣುವುದು ಏಳು ಜನ. ಏಳನೆಯವಳು ಬಹುಶಃ ನಾನೇ. ಆಗ ಅವರಿಗೂ ನನಗೂ ನಾಲ್ಕೈದು ವರ್ಷದ ಅಂತರ ಅಷ್ಟೇ. ಅದು ಐವತ್ತೊಂಬತ್ತನೇ ಇಸವಿಯೋ ಅರವತ್ತೋ ಎಂಬುದೂ ಖಚಿತವಿಲ್ಲ. ದಿನಚರಿಯ ರಟ್ಟನ್ನು ಗೆದ್ದಲು ತಿಂದಿದೆ, ಒಳಗಿನ ಪುಟಗಳಲ್ಲಿ ವಾರ ಮತ್ತು ತಿಥಿ ಮಾತ್ರ ಉಳಿದಿವೆ. ಬರೆದಿಟ್ಟದ್ದು ಯಾವುದು, ನೆನಪಿನಿಂದ ಬಂದದ್ದು ಯಾವುದು ಎಂದು ಆದಷ್ಟು ಬೇರ್ಪಡಿಸಿ ಹೇಳುತ್ತೇನೆ.

ಈಗ ಸಸ್ಯಶಾಸ್ತ್ರ ಕಲಿಸಲು ಕೆಲಸಕ್ಕೆ ಸೇರುವವರು ಬಂದರೆ ನಾನು ಯಾವಾಗ ಏನಾದೆ ಎಂದು ಕೇಳುತ್ತಾರೆ. ಅದೆಲ್ಲ ಸರ್ವಿಸ್ ಪುಸ್ತಕದಲ್ಲಿದೆ. ಅದರಲ್ಲಿ ಇಲ್ಲದ ಒಂದು ದಿನದ ಬಗ್ಗೆ ಇಲ್ಲಿ ಬರೆಯುತ್ತಿದ್ದೇನೆ.

ನಾನು ಹೊಳೆನರಸೀಪುರದವಳು. ಮೈಸೂರಿನಲ್ಲಿ ಓದು ಮುಗಿಸಿ ಹಾಸನದ ಒಂದು ಕಾಲೇಜಿಗೆ ಡೆಮಾನ್‌ಸ್ಟ್ರೇಟರ್ ಆಗಿ ಬಂದೆ. ಗಿಡ ಕಿತ್ತು ತರುವುದು, ಹಳೆಯ ಪತ್ರಿಕೆಗಳ ನಡುವೆ ಹರಡಿ ಮರದ ಪ್ರೆಸ್ಸಿನಲ್ಲಿ ಬಿಗಿಯುವುದು, ದಿನಕ್ಕೊಮ್ಮೆ ಒದ್ದೆ ಕಾಗದ ತೆಗೆದು ಒಣ ಕಾಗದ ಹಾಕುವುದು, ಒಣಗಿದ ಮೇಲೆ ದಪ್ಪ ಹಾಳೆಗೆ ಹೊಲಿದು ಗಿಡದ ವಿವರದ ಚೀಟಿ ಅಂಟಿಸುವುದು, ಇದು ನನ್ನ ಕೆಲಸ. ಚೀಟಿಯೇ ಮುಖ್ಯ. ಒಣಗಿದ ಹೂವಿಗೆ ಬಣ್ಣ ಇರುವುದಿಲ್ಲ, ಎಲ್ಲವೂ ಕೊನೆಗೆ ಚಹಾದ ಬಣ್ಣಕ್ಕೆ ತಿರುಗುತ್ತವೆ.

ಮೊದಲ ತಿಂಗಳೇ ಒಂದು ದೊಡ್ಡ ತಪ್ಪು ಮಾಡಿದೆ. ಹೇಮಾವತಿ ದಂಡೆಯಿಂದ ಹತ್ತೊಂಬತ್ತು ಗಿಡ ತಂದು, ಸಂಜೆ ಕೋಣೆಯಲ್ಲಿ ಕೂತು ನೆನಪಿನಿಂದ ಚೀಟಿ ಬರೆದೆ. ವಾರದ ಮೇಲೆ ವಿಭಾಗದ ಮುಖ್ಯಸ್ಥರು ಕರೆದರು. ತೆಳ್ಳಗಿನ, ಕೋಟಿನ ಗುಂಡಿ ಎಂದೂ ಬಿಚ್ಚದ ಮನುಷ್ಯ.

“ಇದರ ಹೂವು ಯಾವ ಬಣ್ಣ?”

“ಹಳದಿ ಸರ್.”

“ಚೀಟೀಲಿ ನೀಲಿ ಅಂತಿದೆ.”

“ತಪ್ಪಾಗಿದೆ ಸರ್.”

“ಯಾವುದು ತಪ್ಪು? ಬರೆದದ್ದೋ, ಈಗ ಹೇಳಿದ್ದೋ?”

ಅವರು ಹತ್ತೊಂಬತ್ತನ್ನೂ ಮೇಜಿನಂಚಿಗೆ ಸರಿಸಿದರು. “ಇದು ಒಣಹುಲ್ಲು. ದನಕ್ಕೆ ಹಾಕಿಸಿ. ಇನ್ನು ಮೇಲೆ ಗಿಡದ ಮುಂದೆ ನಿಂತು ಬರೀರಿ. ಬಣ್ಣ, ಜಾಗ, ಪಕ್ಕದಲ್ಲಿ ಏನಿದೆ ಅನ್ನೋದು. ನಾಲ್ಕು ಹೆಜ್ಜೆ ಆಚೆ ಹೋದ್ರೆ ಅದು ಕಥೆ ಆಗುತ್ತೆ.”

ಅಂದಿನಿಂದ ನೆನಪಿನ ಬಗ್ಗೆ ನನಗೆ ಶುರುವಾದ ಅಪನಂಬಿಕೆ ಇವತ್ತಿಗೂ ಹೋಗಿಲ್ಲ.

ನಮ್ಮ ಕಾಲೇಜಿನಲ್ಲಿ ಆಗ ಒಂದು ಪದ್ಧತಿ ಇತ್ತು. ಮಳೆ ಕಡಿಮೆಯಾಗಿ ಬೆಟ್ಟದ ಹುಲ್ಲುಗಾವಲು ಹೂ ಬಿಡುವ ಕಾಲಕ್ಕೆ ಪದವಿ ತರಗತಿಯ ಹುಡುಗರನ್ನು ಜಿಲ್ಲೆಯ ಪಶ್ಚಿಮದ ಅಂಚಿನ ಬೆಟ್ಟಸಾಲಿಗೆ ಕರೆದೊಯ್ಯುತ್ತಿದ್ದರು. ಕೆಳಗಿನ ಹಳ್ಳಿಯವರು ಅದನ್ನು ಕುದುರೆಬೆನ್ನು ಎನ್ನುತ್ತಿದ್ದರು. ಹುಡುಗಿಯರನ್ನು ಕರೆದೊಯ್ಯುತ್ತಿರಲಿಲ್ಲ. ಅವರು ಕಾಲೇಜಿನ ಬೇಲಿಯಲ್ಲಿ ಉತ್ತರಾಣಿ, ತುಂಬೆ, ಗರಿಕೆ ಕಿತ್ತು ಒಣಗಿಸಿ ಪರೀಕ್ಷೆಗೆ ಇಡುತ್ತಿದ್ದರು. ಹೊರಗಿನಿಂದ ಬಂದ ಪರೀಕ್ಷಕರು ಹುಡುಗರ ಹಾಳೆಗಳನ್ನು ನಿಧಾನವಾಗಿ ತಿರುಗಿಸಿ ನೋಡುತ್ತಿದ್ದರು, ಹುಡುಗಿಯರದನ್ನು ಎಣಿಸಿ ಪಕ್ಕಕ್ಕಿಡುತ್ತಿದ್ದರು. ಚನ್ನರಾಯಪಟ್ಟಣದ ವಿಮಲ ತರಗತಿಗೇ ಜಾಣೆ. ಒಂದು ದಿನ ಕೇಳಿಬಿಟ್ಟಳು: “ಮಿಸ್, ನಾವು ಓದ್ತಿರೋದು ಸಸ್ಯಶಾಸ್ತ್ರಾನಾ, ಬೇಲಿಶಾಸ್ತ್ರಾನಾ?”

ನಾನು ಮುಖ್ಯಸ್ಥರ ಬಳಿ ಹೋದೆ. “ಬೇಡ ಅನ್ನಲ್ಲ. ಬೇಕು ಅನ್ನೋದಕ್ಕೂ ನನಗೆ ಧೈರ್ಯ ಇಲ್ಲ. ಪ್ರಿನ್ಸಿಪಾಲರನ್ನ ಕೇಳಿ,” ಎಂದರು.

ಪ್ರಿನ್ಸಿಪಾಲರು ಕನ್ನಡಕದ ಮೇಲಿಂದ ನೋಡಿದರು. “ಹೆಣ್ಣುಮಕ್ಕಳು ಬೆಟ್ಟದ ಮೇಲೆ ಏನು ಮಾಡ್ತಾರಮ್ಮ?”

“ಹುಡುಗರು ಮಾಡೋದನ್ನೇ ಸರ್.”

“ಹುಡುಗರು ಅಲ್ಲಿ ಬೀಡಿ ಸೇದ್ತಾರೆ.”

ನಾನು ನಮಸ್ಕಾರ ಹೇಳಿ ಹೊರಬಂದೆ. ಒಂದು ವಾರದಲ್ಲಿ ಮೂರು ಸಲ ಹೋದೆನೆಂದು ದಿನಚರಿಯಲ್ಲಿದೆ. ಮೂರನೆಯ ಸಲ ಅವರು ಷರತ್ತು ಹೇಳಿದರು. ನನ್ನ ಮನೆತನದ ಹಿರಿಯ ಹೆಂಗಸೊಬ್ಬರು ಜೊತೆಗಿರಬೇಕು. ಕತ್ತಲಾಗುವ ಮೊದಲು ಎಲ್ಲರೂ ಹಳ್ಳಿಗೆ ಇಳಿದಿರಬೇಕು. ವಾಪಸಾದ ಮೇಲೆ ಆ ಹಿರಿಯರು ಖುದ್ದಾಗಿ ಬಂದು ನಡೆದದ್ದನ್ನು ತಮಗೆ ಹೇಳಬೇಕು. “ಊರವರು ಹುಡುಕಿಕೊಂಡು ಹೋಗೋ ಪ್ರಸಂಗ ಬಂತು ಅಂತ ಕಿವಿಗೆ ಬಿದ್ರೆ, ಈ ಕಾಲೇಜಿನ ಯಾವ ಹುಡುಗೀನೂ ಇನ್ನು ಬೆಟ್ಟ ನೋಡೋದಿಲ್ಲ. ಒಪ್ಪಿಗೇನಾ?”

ಒಪ್ಪಿಗೆ ಎಂದೆ.

ಹಿರಿಯ ಹೆಂಗಸು ಎಂದರೆ ನನಗಿದ್ದವಳು ಸುಬ್ಬತ್ತೆ, ನನ್ನ ತಂದೆಯ ಅಕ್ಕ. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ರುದ್ರಪಟ್ಟಣದಲ್ಲಿ ಮೈದುನನ ಮನೆಯಲ್ಲಿದ್ದಳು. ಐವತ್ತೈದರ ಆಸುಪಾಸು. ಆ ಊರಿನಲ್ಲಿ ಹಾಡದ ಮನೆ ಇಲ್ಲ. ಮೈದುನನ ಮನೆಯಲ್ಲೂ ದಿನವೂ ಪಾಠ ನಡೆಯುತ್ತಿತ್ತು. ಸುಬ್ಬತ್ತೆಗೆ ಯಾರೂ ಕಲಿಸಲಿಲ್ಲ. ಅಡಿಗೆಮನೆಯಿಂದ ಕೇಳಿಕೇಳಿಯೇ ನೂರಾರು ಹಾಡು ಬಾಯಿಗೆ ಬಂದಿದ್ದವು. ಅವಳು ಎಂದೂ ಸುಳ್ಳು ಹೇಳಿದವಳಲ್ಲ, ಆ ಕಾರಣಕ್ಕೆ ಮನೆಯವರೆಲ್ಲ ಅವಳಿಗೆ ಹೆದರುತ್ತಿದ್ದರು.

ನಾನು ಕೇಳಿದಾಗ ಅವಳು ಯೋಚಿಸಲೇ ಇಲ್ಲ. “ಎಷ್ಟು ದಿನ?”

“ಹೋಗಿ ಬರೋದೆಲ್ಲ ಸೇರಿ ಮೂರು ದಿನ ಅತ್ತೆ.”

“ಕಾವೇರಿ ಆಚೆ ದಡಕ್ಕೇ ಹೋಗಿಲ್ಲ ಕಣೇ ನಾನು,” ಎಂದಳು. ಅಷ್ಟರಲ್ಲಾಗಲೇ ಒಂದು ಚೀಲ ಹುಡುಕುತ್ತಿದ್ದಳು.

ಅರಕಲಗೂಡಿನ ಬಸ್ ನಿಲ್ದಾಣದಲ್ಲಿ ಅವಳು ನಮ್ಮನ್ನು ಸೇರಿಕೊಂಡಳು. ಕೈಯಲ್ಲಿ ತಂಬಿಗೆ, ಚೀಲದ ತುಂಬ ಅವಲಕ್ಕಿ, ಒಂದು ಕಟ್ಟು ಹೊಗೆಸೊಪ್ಪು. ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. “ತಿನ್ನೋದಕ್ಕಲ್ಲ,” ಎಂದಳು ಸುಬ್ಬತ್ತೆ. “ಬೆಟ್ಟದಲ್ಲಿ ಜಿಗಣೆ ಇರತ್ತಂತೆ. ನೆನೆಸಿದ ನೀರು ಕಾಲಿಗೆ ಬಳ್ಕೊಂಡ್ರೆ ಹತ್ತಲ್ಲ ಅಂತ ಇಲ್ಲಿನ ಬೆಳೆಗಾರ ಒಬ್ಬ ಹೇಳಿದ.”

ಪಶ್ಚಿಮಕ್ಕೆ ಹೋಗುವ ಬಸ್ಸು ಹಿಡಿದು ಬೆಟ್ಟದ ಬುಡದ ಹಳ್ಳಿಯ ಶಾಲೆಯಲ್ಲಿ ತಂಗಿದೆವು. ಮರುದಿನ ಬೆಳಿಗ್ಗೆ ಹೊರಡುವಾಗ ಮೊದಲ ತೊಂದರೆ ಎದುರಾಯಿತು. ಹುಡುಗಿಯರೆಲ್ಲ ಆರು ಗಜದ ಸೀರೆ ಉಟ್ಟಿದ್ದರು. ಮೊದಲ ಏರಿನಲ್ಲೇ ಮೂವರು ಎಡವಿದರು. ಸುಬ್ಬತ್ತೆ ಕಚ್ಚೆ ಹಾಕಿದ್ದಳು, ಬರಿಗಾಲು, ಆಗಲೇ ಮೂವತ್ತು ಗಜ ಮುಂದಿದ್ದಳು. ತಿರುಗಿ ಬಂದು, “ಹೀಗೆ ನಡೆದ್ರೆ ನಾಳೆ ತಲುಪ್ತೀರಿ. ಬನ್ನಿ ಇಲ್ಲಿ,” ಎಂದು ಒಂದು ಬಂಡೆಯ ಮರೆಯಲ್ಲಿ ಒಬ್ಬೊಬ್ಬರಿಗೂ ಕಚ್ಚೆ ಕಟ್ಟಿದಳು. ನನಗೂ ಕಟ್ಟಿದಳು. ಹುಡುಗಿಯರಲ್ಲೊಬ್ಬಳು, ದುದ್ದದ ಜಯಮ್ಮ, ನಾಲ್ಕು ಹೆಜ್ಜೆ ಹಾರಿ ನೋಡಿ, “ಯಪ್ಪಾ, ಈಗ ಗೊತ್ತಾಯ್ತು ಕಣ್ರೇ, ನಮ್ಮಜ್ಜಿ ಅದೆಂಗೆ ಕುರಿ ಹಿಂದೆ ಓಡ್ತಿದ್ಲೂಂತ!” ಎಂದಳು.

ಏರಿನ ತುದಿಯಲ್ಲಿ, ಸಾಲು ಶುರುವಾಗುವ ಕಡೆ ಒಂದು ಒಂಟಿ ಮರವಿದೆ. ಪ್ರೆಸ್ಸುಗಳನ್ನು ಹೊತ್ತು ಬಂದಿದ್ದ ನಮ್ಮ ಅಟೆಂಡರ್ ಬೋರಯ್ಯ ಅಲ್ಲೇ ಕುಸಿದು ಕೂತ. “ಮಿಸ್ಸೋರೇ, ನಾನು ಬತ್ತೀನಿ ಅಂದ್ರೂ ನನ್ ಮಂಡಿ ಬರಾಕಿಲ್ಲ ಅಂತದೆ. ನೀವ್ ಓಗಿ. ನಾನಿಲ್ಲೇ ಇರ್ತೀನಿ. ನಾಕ್ ಗಂಟೆಗೂ ಬರ್ನಿಲ್ಲ ಅಂದ್ರೆ ಊರಿಗಿಳ್ದು ಜನ ಕರ್ಕಂಡ್ ಬತ್ತೀನಿ.” ನಾನು ಗಡಿಯಾರ ನೋಡಿಕೊಂಡೆ. ಅವನು ಊರವರನ್ನು ಕರೆತಂದರೆ ಏನಾಗುತ್ತದೆ ಎಂಬುದು ಅವನಿಗೆ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು.

ಕುದುರೆಬೆನ್ನನ್ನು ಹೇಗೆ ವರ್ಣಿಸಲಿ? ದಿನಚರಿಯಲ್ಲಿ ಒಂದೇ ವಾಕ್ಯ ಇದೆ: ‘ಕಾಲಿಡಲು ಜಾಗವಿಲ್ಲ.’ ಎರಡೂ ಕಡೆ ಕೆಳಗಿಳಿಯುವ ಹುಲ್ಲು, ನಡುವೆ ದನ ನಡೆದು ಆದ ಕಾಲುದಾರಿ. ಹುಲ್ಲಿನ ತುಂಬ ಹೂವು. ತಿಳಿಗುಲಾಬಿಯ ಕರ್ಣಕುಂಡಲ, ನೆಲದಿಂದ ನೇರ ಎದ್ದ ಬಿಳಿ ಸೀತಾಳೆ, ಗುಂಡುಸೂಜಿಯ ತಲೆಯಂಥ ಬಿಳಿ ಚುಕ್ಕೆಗಳು, ಒದ್ದೆ ಬಂಡೆಯ ಮೇಲೆ ಕೆಂಪು ಅಂಟುಹನಿ ಹೊತ್ತು ಹುಳು ಹಿಡಿಯುವ ಪುಟ್ಟ ಗಿಡ. ಪುಸ್ತಕದಲ್ಲಿ ಗೆರೆಚಿತ್ರವಾಗಿ ನೋಡಿದ್ದ ಆ ಗಿಡದ ಮುಂದೆ ವಿಮಲ ಮಂಡಿಯೂರಿ ಕೂತಳು. “ಇದು ಇಷ್ಟು ಚಿಕ್ಕದಾ ಮಿಸ್! ನಾನು ಬದನೆಗಿಡದಷ್ಟು ಇರತ್ತೆ ಅಂದ್ಕೊಂಡಿದ್ದೆ,” ಎಂದವಳು ನಗುತ್ತಲೇ ಕಣ್ಣೊರೆಸಿಕೊಂಡಳು.

ಕೆಲಸ ಹಂಚಿಕೊಂಡೆವು. ರಾಗಿ ಹೊಲದಲ್ಲಿ ಬೆಳೆದ ಜಯಮ್ಮ ಕೈಗುದ್ದಲಿಯಿಂದ ಬೇರು ಕಡಿಯದಂತೆ ಅಗೆಯುವುದು. ನಾಲ್ವರು ಹುಡುಗಿಯರು ಗಿಡಕ್ಕೆ ನಂಬರಿನ ಚೀಟಿ ಕಟ್ಟುವುದು, ಹೊರುವುದು. ಸುಬ್ಬತ್ತೆ ಪ್ರತಿ ಗಿಡವನ್ನು ಪತ್ರಿಕೆಯಲ್ಲಿ ಸುತ್ತಿ ಕೊಡುವುದು. ವಿಮಲ ಟಿಪ್ಪಣಿ ಪುಸ್ತಕದಲ್ಲಿ ನಂಬರು, ಬಣ್ಣ, ಜಾಗ ಬರೆಯುವುದು. ಇಪ್ಪತ್ತೆರಡನೆಯ ಗಿಡದವರೆಗೆ ಎಲ್ಲವೂ ಮುಖ್ಯಸ್ಥರು ಹೇಳಿದಂತೆಯೇ ನಡೆಯಿತು.

ಆಮೇಲೆ ಬಿಸಿಲು ಬಿತ್ತು. ಒಂದು ಇಳಿಜಾರಿನ ಉದ್ದಕ್ಕೂ ನೀಲಿ ಹೂವು ಒಮ್ಮೆಲೇ ಬೆಳಗಿತು. ಮತ್ತೆ ಮೋಡ ಕವಿದರೆ ಇವೆಲ್ಲ ಮುಚ್ಚಿಕೊಳ್ಳುತ್ತವೆ ಎಂದು ನನಗೆ ಅವಸರ. “ವಿಮಲ, ಬರೆಯೋದು ಆಮೇಲೆ. ಮೊದಲು ಕಿತ್ಕೊಳ್ಳಿ!” ಎಂದೆ. ಹೀಗೆ ಹೇಳಿದವಳು ನಾನೇ. ಇದು ನೆನಪಲ್ಲ, ದಿನಚರಿಯಲ್ಲಿ ಕೆಂಪು ಶಾಯಿಯಲ್ಲಿದೆ. ಆರು ಗಿಡ ಹಾಗೆ ಕಿತ್ತೆವು, ಮತ್ತೆ ಬರೆಯಲು ಶುರುಮಾಡಿದೆವು. ತಲೆ ಎತ್ತಲೇ ಇಲ್ಲ. ಗಿಡ ಹುಡುಕುವವರು ದಾರಿ ನೋಡುವುದಿಲ್ಲ, ಮುಂದಿನ ಹೂವನ್ನು ನೋಡುತ್ತಾರೆ. ಹೂವು ದಟ್ಟವಾದ ಕಡೆಗೇ ಕಾಲು ಹೋಗುತ್ತದೆ. ನಲವತ್ತೊಂದನೆಯ ಗಿಡ ಸುತ್ತಿ ತಲೆ ಎತ್ತಿದಾಗ ಕಾಲುದಾರಿ ಇರಲಿಲ್ಲ. ಐದು ನಿಮಿಷದಲ್ಲಿ ಬೆಟ್ಟವೂ ಇರಲಿಲ್ಲ. ಮಂಜು ಬಂದು ಎಲ್ಲವನ್ನೂ ಒರೆಸಿಹಾಕಿತ್ತು.

ಗಂಟೆ ಒಂದೂಮುಕ್ಕಾಲು.

ಕೂಗಿದೆವು. ಗಾಳಿ ನಮ್ಮ ದನಿಯನ್ನು ಬೇರೆ ಕಡೆಗೆ ಒಯ್ಯಿತು. ಕೆಳಗಿಳಿಯೋಣ ಎಂದಳು ಒಬ್ಬಳು. ಯಾವ ಕಡೆಗೆ ಇಳಿದರೆ ಯಾವ ಜಿಲ್ಲೆ ಸಿಗುತ್ತದೆಂದು ಯಾರಿಗೂ ಗೊತ್ತಿಲ್ಲ. ಆಗ ವಿಮಲ ಪುಸ್ತಕ ತೆರೆದು ಓದಿದಳು: “ನಲವತ್ತು. ಹಳದಿ. ಸೀಳಿದ ಬಂಡೆಯ ಉತ್ತರಕ್ಕೆ, ನೀರು ಜಿನುಗುವ ಕಡೆ.” ತಲೆ ಎತ್ತಿದಳು. “ಮಿಸ್, ಸೀಳಿದ ಬಂಡೆ ಹುಡುಕೋಣ. ಅಲ್ಲಿ ಜಯಮ್ಮ ಅಗೆದ ಗುಂಡಿ ಇರಬೇಕಲ್ಲ?”

ಇತ್ತು. ಹಸಿ ಕೆಮ್ಮಣ್ಣು ಮಂಜಿನಲ್ಲೂ ಕಂಡಿತು. ಅಲ್ಲಿಂದ ಮೂವತ್ತೊಂಬತ್ತು, ಮೂವತ್ತೆಂಟು. ಇಬ್ಬರು ಗುಂಡಿಯ ಬಳಿ ನಿಲ್ಲುವುದು, ಉಳಿದವರು ಸೆರಗಿನ ತುದಿ ಹಿಡಿದು ಮುಂದಿನ ಗುರುತು ಹುಡುಕುವುದು, ಸಿಕ್ಕಾಗ ಕೂಗುವುದು. “ಮೂವತ್ತಾರು ಸಿಕ್ತು ಕಣ್ರವ್ವೋ!” ಎಂದು ಜಯಮ್ಮ ಪ್ರತಿ ಗುಂಡಿಗೂ ಗೆದ್ದವಳಂತೆ ಕಿರುಚುತ್ತಿದ್ದಳು. ಹುಡುಗಿಯರು ನಗತೊಡಗಿದರು. ಹಾಗೆ ಇಪ್ಪತ್ತೊಂಬತ್ತಕ್ಕೆ ಬಂದೆವು.

ಅಲ್ಲಿಂದ ಹಿಂದಕ್ಕೆ ಪುಸ್ತಕದಲ್ಲಿ ಆರು ಸಾಲು ಖಾಲಿ.

ವಿಮಲ ಪುಟವನ್ನು ನನ್ನಿಂದ ಮರೆಮಾಡಿದಳು. ಆ ಮರ್ಯಾದೆಯೇ ನನಗೆ ಹೆಚ್ಚು ಚುಚ್ಚಿತು. ಗಂಟೆ ಎರಡೂವರೆ ದಾಟಿತ್ತು.

ಸುಬ್ಬತ್ತೆ ನೆಲದ ಮೇಲೆ ಕೂತಳು. “ನಾನು ಹೇಳ್ತೀನಿ. ಆದ್ರೆ ಹಿಂದಿನಿಂದ ಹೇಳಕ್ಕೆ ಬರಲ್ಲ ಕಣೇ. ಹಾಡನ್ನ ಯಾರಾದ್ರೂ ಕೊನೆಯಿಂದ ಹಾಡ್ತಾರಾ? ಮೊದಲಿಂದ ಬರಬೇಕು. ಮಧ್ಯೆ ಮಾತಾಡಿಸಬೇಡಿ.”

ಕಣ್ಣು ಮುಚ್ಚಿ, ತೊಡೆಯ ಮೇಲೆ ಬೆರಳು ತಟ್ಟುತ್ತ ಶುರುಮಾಡಿದಳು. ಮರದ ಹತ್ತಿರದ ಮೊದಲ ಗಿಡ. ಎರಡನೆಯದು, ಜಿಂಕೆಕಿವಿಯಂಥ ಎಲೆ. ಮೂರನೆಯದು ಸುತ್ತುವಾಗ ಹರಿದ ಕಾಗದದ ಮೇಲೆ ಸೋಪಿನ ಜಾಹೀರಾತು ಇತ್ತು. ನಾನು ಗಡಿಯಾರ ನೋಡುತ್ತ ಕೂತೆ. ವಿಮಲ ಪುಸ್ತಕ ನೋಡುತ್ತ ಪ್ರತಿಯೊಂದಕ್ಕೂ ಬೆರಗಿನಿಂದ ತಲೆಯಾಡಿಸುತ್ತಿದ್ದಳು. ಇಪ್ಪತ್ತೆರಡು ದಾಟಿದಾಗ ಪೆನ್ಸಿಲು ಹಿಡಿದಳು.

“ಇಪ್ಪತ್ಮೂರು, ನೀಲಿ. ಬಿಸಿಲು ಬಂತು, ನನ್ನ ಎಡಗೆನ್ನೆಗೆ ಗಾಳಿ. ಇಪ್ಪತ್ನಾಲ್ಕು, ಜಯ ಹಾಸುಗಲ್ಲಿನ ಮೇಲೆ ಜಾರಿ ಕೂತ್ಲು. ಇಪ್ಪತ್ತೈದು, ಅದೇ ಕಲ್ಲಿನ ಬುಡದಲ್ಲಿ. ಇಪ್ಪತ್ತಾರು, ಕಪ್ಪು ಬಂಡೆ, ಮೇಲೆ ಸುಣ್ಣ ಚೆಲ್ಲಿದ ಹಾಗೆ ಕಲೆ. ಇಪ್ಪತ್ತೇಳಕ್ಕೆ ಅಲ್ಲಿಂದ ಇಳಿದ್ವಿ, ಬೆನ್ನಿಗೆ ಗಾಳಿ. ಇಪ್ಪತ್ತೆಂಟು ಹುಲ್ಲಲ್ಲಿ, ಪಕ್ಕದಲ್ಲಿ ದನದ ಹಳೇ ಸಗಣಿ.”

“ಗಾಳಿ ಈಗಲೂ ಅದೇ ಕಡೆಯಿಂದ ಬೀಸ್ತಿದೆ ಮಿಸ್!” ಎಂದಳು ವಿಮಲ. ಗಾಳಿಗೆ ಮುಖ ಕೊಟ್ಟು ಹತ್ತಿದೆವು. ಸಗಣಿ, ಗುಂಡಿ. ಸುಣ್ಣದ ಕಲೆಯ ಬಂಡೆ, ಗುಂಡಿ. ನಾನು ಯಾವ ನೆನಪನ್ನು ನಂಬಬಾರದೆಂದು ಹುಡುಗಿಯರಿಗೆ ಪಾಠ ಹೇಳಿದ್ದೆನೋ ಅದೇ ನಮ್ಮನ್ನು ಕೈಹಿಡಿದು ನಡೆಸುತ್ತಿತ್ತು. ಮುಖ್ಯಸ್ಥರು ಹೇಳಿದ್ದು ತಪ್ಪೇ? ಈಗಲೂ ಯೋಚಿಸುತ್ತೇನೆ. ಬಹುಶಃ ಸುಬ್ಬತ್ತೆಯೂ ಗಿಡದ ಮುಂದೆ ನಿಂತೇ ಬರೆದುಕೊಂಡಿದ್ದಳು, ಕಾಗದದ ಮೇಲಲ್ಲ ಅಷ್ಟೇ.

ಇಪ್ಪತ್ತೆರಡಾದ ಮೇಲೆ ಕಾಲುದಾರಿ ಸಿಕ್ಕಿತು. ಆಮೇಲೆ ಓಡಿದೆವು. ಕಚ್ಚೆ ಕಟ್ಟಿದ ಎಂಟು ಹೆಂಗಸರು ಕುದುರೆಬೆನ್ನಿನ ಮೇಲೆ ಓಡಿದೆವು. ನನಗೆ ನೆನಪಿರುವಂತೆ ಮಂಜು ಆಗ ಒಮ್ಮೆ ಹರಿದು, ಎರಡೂ ಕಡೆಯ ಇಳಿಜಾರಿನ ಹೂವು ಪೂರ್ತಿಯಾಗಿ ಕಂಡಿತು. ಜಯಮ್ಮ ಗುದ್ದಲಿ ಎತ್ತಿ ಹಿಡಿದು ಕೂಗಿದಳು, ಎಲ್ಲರೂ ಕೂಗಿದೆವು. ಮಂಜು ಹರಿದ ಮಾತು ದಿನಚರಿಯಲ್ಲಿಲ್ಲ. ಕೂಗಿದ್ದು ಇದೆ.

ಬೋರಯ್ಯ ಪ್ರೆಸ್ಸುಗಳನ್ನು ಮರಕ್ಕೆ ಒರಗಿಸಿ ಇಳಿಯಲು ಎದ್ದು ನಿಂತಿದ್ದ. “ಇನ್ನೊಂದ್ ಗಳಿಗೆ ತಡ ಆಗಿದ್ರೆ ಊರಿಗೂರನ್ನೇ ಎಬ್ಬಿಸ್ಬುಡ್ತಿದ್ದೆ ಕಣ್ರವ್ವ. ಎಲ್ಲೋಗಿದ್ರಿ?”

“ಎಣಿಸ್ಕೊಂಡು ಬರ್ತಿದ್ವಿ,” ಎಂದಳು ಸುಬ್ಬತ್ತೆ.

ಮೂರನೆಯ ದಿನ ಹಾಸನದಲ್ಲಿ ಪ್ರಿನ್ಸಿಪಾಲರ ಕೋಣೆ. ಮುಖ್ಯಸ್ಥರು ಕಿಟಕಿಯ ಬಳಿ ನಿಂತಿದ್ದರು. ಸುಬ್ಬತ್ತೆಗೆ ಕುರ್ಚಿ ಹಾಕಿದರು, ಅವಳು ಕೂರಲಿಲ್ಲ.

“ಏನಾದ್ರೂ ತೊಂದರೆ ಆಯ್ತಾ ತಾಯಿ?”

“ದಾರಿ ತಪ್ಪಿದ್ವಿ,” ಎಂದಳು ಸುಬ್ಬತ್ತೆ.

ನಾನು ನೆಲ ನೋಡಿದೆ. ಎಲ್ಲ ಮುಗಿಯಿತು ಎಂದುಕೊಂಡೆ.

“ತಪ್ಪಿ, ನಿಮ್ಮ ಹುಡುಗೀರೇ ಹುಡುಕ್ಕೊಂಡು ಬಂದ್ರು. ಪುಸ್ತಕದಲ್ಲಿ ಬರ್ಕೊಂಡಿದ್ರು, ಅದನ್ನ ಓದ್ಕೊಂಡು ಒಂದೊಂದು ಗುಂಡೀನೂ ಹಿಡಿದು ವಾಪಸ್ ಬಂದ್ವಿ. ಯಾರೂ ಅಳಲಿಲ್ಲ. ಬೆಳಕಿರೋವಾಗ್ಲೇ ಇಳಿದ್ವಿ. ಒಂದು ಕಡೆ ಪುಸ್ತಕ ಖಾಲಿ ಇತ್ತು. ಅದು ಇವಳ ತಪ್ಪು,” ಎಂದು ನನ್ನ ಕಡೆ ಕೈ ತೋರಿಸಿದಳು. “ಇನ್ನೊಂದ್ಸಲ ಮಾಡಲ್ಲ.”

ಪ್ರಿನ್ಸಿಪಾಲರು ಪುಸ್ತಕ ಕೇಳಿದರು. ಕೆಮ್ಮಣ್ಣಿನ ಬೆರಳಚ್ಚು ಬಿದ್ದ ಪುಟಗಳನ್ನು ಒಂದೊಂದಾಗಿ ತಿರುಗಿಸಿದರು. ಆಗ ಕಿಟಕಿಯ ಬಳಿಯಿಂದ ಮುಖ್ಯಸ್ಥರು, “ಹೋದ ವರ್ಷ ಹುಡುಗರೂ ಅಲ್ಲೇ ದಾರಿ ತಪ್ಪಿದ್ರು ಸರ್. ಇಳಿದದ್ದು ಮರುದಿನ. ಅವರ ಪುಸ್ತಕ ಪೂರ್ತಿ ಖಾಲಿ,” ಎಂದರು.

“ಇದು ನನಗೆ ಗೊತ್ತೇ ಇಲ್ಲವಲ್ರೀ!”

“ಅವರ ಜೊತೆ ಇಂಥ ಅತ್ತೆ ಇರಲಿಲ್ಲ ಸರ್.”

ಪ್ರಿನ್ಸಿಪಾಲರು ನಕ್ಕುಬಿಟ್ಟರು. ಮುಖ್ಯಸ್ಥರ ಕೋಟಿನ ಮೇಲಿನ ಗುಂಡಿ ಆ ದಿನ ಬಿಚ್ಚಿತ್ತು ಎಂದು ನನ್ನ ನೆನಪು. ಇದನ್ನು ನೀವು ನಂಬಬೇಕಿಲ್ಲ.

ಆ ವರ್ಷ ಪರೀಕ್ಷಕರು ಹುಡುಗಿಯರ ಹಾಳೆಗಳ ಮುಂದೆ ಕುರ್ಚಿ ಎಳೆದುಕೊಂಡು ಕೂತರು. ವಿಮಲಳ ಚೀಟಿಗಳನ್ನು ಎರಡು ಸಲ ಓದಿದರು. ಮುಂದಿನ ವರ್ಷದ ಪ್ರವಾಸಕ್ಕೆ ಹೊರಟ ಸೂಚನೆಯಲ್ಲಿ ಹುಡುಗರು, ಹುಡುಗಿಯರು ಎಂಬ ಬೇರೆ ಸಾಲುಗಳಿರಲಿಲ್ಲ. ಮನೆಯ ಹಿರಿಯ ಹೆಂಗಸು ಜೊತೆಗಿರಬೇಕೆಂಬ ಷರತ್ತೂ ಇರಲಿಲ್ಲ; ಅಧ್ಯಾಪಕಿ ಇದ್ದರೆ ಸಾಕು ಎಂದಿತ್ತು. ನಾನು ಆ ಕಾಗದದ ಒಂದು ಪ್ರತಿಯನ್ನು ಕೈಯಾರೆ ಬರೆದುಕೊಂಡೆ. ಗಿಡ ಹಾಕಿಕೊಳ್ಳುವ ತಗಡಿನ ಪೆಟ್ಟಿಗೆ ಹೋಗಿ ಪ್ಲಾಸ್ಟಿಕ್ ಚೀಲ ಬಂದ ಕಾಲದವರೆಗೂ, ನಾನು ನಿವೃತ್ತಳಾಗುವ ವರ್ಷದವರೆಗೂ, ಹುಡುಗಿಯರಿಲ್ಲದೆ ಒಂದು ಪ್ರವಾಸವೂ ಹೊರಡಲಿಲ್ಲ.

ಸೂಚನೆ ಬಂದ ವಾರವೇ ರುದ್ರಪಟ್ಟಣಕ್ಕೆ ಹೋದೆ. ಸುಬ್ಬತ್ತೆ ಜಗಲಿಯಲ್ಲಿ ಮೊರ ಹಿಡಿದು ಅಕ್ಕಿ ಆರಿಸುತ್ತಿದ್ದಳು. ನಾನು ಹೆಮ್ಮೆಯಿಂದ ಓದಿ ಹೇಳಿದೆ. “ಗೆದ್ವಿ ಅತ್ತೆ. ಇನ್ಮೇಲೆ ನಿನಗೆ ಯಾವ ತೊಂದರೇನೂ ಇಲ್ಲ. ಕಾವಲಿಗೆ ಯಾರೂ ಬೇಡವಂತೆ.”

“ಒಳ್ಳೇದಾಯ್ತು,” ಎಂದಳು. ಅವಳ ಬೆರಳುಗಳು ಅಕ್ಕಿಯ ಮೇಲೆ ನಿಂತವು. “ಈ ವರ್ಷ ಯಾವತ್ತು ಹೋಗ್ತೀರಿ?”

ದಿನ ಹೇಳಿದೆ. ಅವಳು ಅದನ್ನು ತುಟಿಯಲ್ಲೇ ಒಮ್ಮೆ ಹೇಳಿಕೊಂಡಳು. ಒಳಗಿನಿಂದ ಮೈದುನ, “ಅತ್ತಿಗೇ, ಅಕ್ಕಿ ಆಯ್ತಾ?” ಎಂದು ಕೂಗಿದರು. ನಾನು ಏನು ಗೆದ್ದೆ, ಅದರಲ್ಲಿ ಅವಳಿಂದ ಏನನ್ನು ಕಿತ್ತುಕೊಂಡೆ ಎಂದು ಹೊಳೆದದ್ದು ಆಗ. ಮೊರದ ಅಂಚು ಹಿಡಿದು ಕೇಳಿದೆ. ಅವಳು ನನ್ನ ಮುಖ ನೋಡಿದಳು, ಮೊರ ಎತ್ತಿಕೊಂಡು ಒಳಗೆ ಹೋದಳು, ಅಲ್ಲಿಂದ ಚೀಲ ಹುಡುಕುವ ಸದ್ದು ಕೇಳಿಸಿತು. ಆಮೇಲೆ ಅವಳು ಬದುಕಿದ್ದ ಅಷ್ಟೂ ವರ್ಷ, ಭಾದ್ರಪದ ಬಂದಾಗಲೆಲ್ಲ ಅದೇ ಮಾತನ್ನು ಕೇಳಿದ್ದೇನೆ:

“ಯಾರ ಕಾವಲಿಗೂ ಅಲ್ಲ ಅತ್ತೆ, ಸುಮ್ಮನೆ ನಿನಗೋಸ್ಕರ, ಬೆಟ್ಟಕ್ಕೆ ಬರ್ತೀಯಾ?”